ಹುಲಿಯ ಹೆಜ್ಜೆಗೆ ಕಾವಲು ಕುಳಿತದ್ದು

ಆಗಿನ ದಿನಗಳಲ್ಲಿ ಖಾನಾಪುರದ ಕಾಡಿನ ಹುಲಿ ಮಣ್ಣಿನಲ್ಲಿ ಹೆಜ್ಜೆ ಊರಿಯೇ ಹಾಜರಿ ಹಾಕಬೇಕಿತ್ತು. ಅಲ್ಲಿನ ಭೀಮಗಡದ ಕಾಡಿಗೆ ಇನ್ನೂ ಅಭಯಾರಣ್ಯದ ಬೋರ್ಡು ಬಿದ್ದಿರಲಿಲ್ಲ. ಅಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದ ನಮ್ಮಪ್ಪ ಎರಡು ಬೇಸಿಗೆ "ಹುಲಿ ಐತ್ರೀ" ಎಂದು ವರದಿ ಕೊಟ್ಟಿದ್ದ. ಬೆಳಗಾವಿಯ ಸಾಹೇಬರು ಎರಡು ಸಲವೂ ನಕ್ಕು, "ದೊಡ್ಡ ಚಿರತಿ ಇರಬೇಕ ತಗೋರಿ" ಎಂದಿದ್ದರು.

ಮೂರನೆಯ ಬೇಸಿಗೆ, ಒಂದು ಮುಂಜಾನೆ, ನಮ್ಮ ಕ್ವಾರ್ಟರ್ಸಿನ ಹಿಂದಿನ ಹಳ್ಳದ ಹಸಿ ಮಣ್ಣಿನಲ್ಲಿ ಹೆಜ್ಜೆ ಸಿಕ್ಕಿತು. ಒಂದೇ ಒಂದು, ಮುಂದೆಲ್ಲ ಬರೀ ಬಂಡೆ. ಅಪ್ಪ ಅದರ ಮೇಲೆ ಬುಟ್ಟಿ ಕವುಚಿ, ಒಂಬತ್ತು ವರ್ಷದ ನನ್ನನ್ನು ಪಕ್ಕದಲ್ಲಿ ಕೂರಿಸಿದ.

"ಸಾಹೇಬರ್ನ ಕರ್ಕೊಂಡ ಬರ್ತೀನಿ. ಯಾರಿಗೂ ಮುಟ್ಟಾಕ ಕೊಡಬ್ಯಾಡ, ತಂಗಿ."

ಹೀಗೆ ನಾನು ಸರಕಾರಿ ನೌಕರಿಗೆ ಸೇರಿದೆ. ಲಂಗದ ಮಡಿಲಲ್ಲಿ ಕವಳಿಹಣ್ಣು, ಮೂಗಿಗೆ ಒದ್ದೆ ಮಣ್ಣಿನ ವಾಸನೆ. ಎರಡು ಆಡುಗಳನ್ನೂ, ಗಜಗ ಆಡಲು ಕರೆದ ಗೆಳತಿಯನ್ನೂ ಕರ್ತವ್ಯದ ಹೆಸರಿನಲ್ಲಿ ಹಿಂದಕ್ಕೆ ಕಳಿಸಿದೆ.

ಸೋತದ್ದು ಬಾಜೂಮನೆಯ ಗಂಗೂ ಕಾಕೂ ಎದುರು. ಅವರದು ಮನೆಯೊಳಗೆ ಮರಾಠಿ, ನಮ್ಮೊಡನೆ ಕನ್ನಡ. ಎರಡರಲ್ಲೂ ಹುಲಿ ಅವರಿಗೆ ದೇವರು.

"ಅಗ ಪೋರಿ, ದೇವ್ರ ಮನೀತನಕಾ ಬಂದಾನ, ನೀ ಕೋಳಿ ಮುಚ್ಚಿದಂಗ ಮುಚ್ಚಿಯಲ್ಲ! ತೆಗಿ, ಒಂದ ನಮಸ್ಕಾರ ಮಾಡ್ತೇನಿ."

"ಅಪ್ಪ ಬೈತಾನ ಕಾಕೂ."

"ನಿಮ್ಮಪ್ಪ ಹುಲಿಗಿಂತ ದೊಡ್ಡಾಂವೇನ?"

ಪ್ರಶ್ನೆ ನ್ಯಾಯವಾಗಿತ್ತು. ಬುಟ್ಟಿ ಎತ್ತಿದೆ. ಕಾಕೂ ಕೈಮುಗಿದವರೇ, ಹೆಜ್ಜೆಯ ತುಂಬ ಅರಿಷಿಣ-ಕುಂಕುಮ ಉದುರಿಸಿಬಿಟ್ಟರು.

ಅಪ್ಪನ ಜೊತೆ ಸಾಹೇಬರು ಬಂದು ನೋಡಿದರು, ಹಿಂದೆ ಊರಿನವರೂ ನೆರೆದರು. "ಏನ್ರೀ ಗಾರ್ಡ್, ಹುಲಿಗೆ ಉಡಿ ತುಂಬಿ ಕಳಿಸೀರೇನು?"

ಅಪ್ಪ ನನ್ನ ಕಡೆ ನೋಡಿದ. ಮಂಡಿಯೂರಿ ಪುಡಿಯನ್ನು ಮೆಲ್ಲಗೆ ಊದಿ ಊದಿ ತೆಗೆದ. ಹೆಜ್ಜೆಯ ಅಚ್ಚು ತೆಗೆಯಲು ಪ್ಲಾಸ್ಟರ್ ಕಲಸಿ ಸುರಿದ. ಅದು ಗಟ್ಟಿಯಾಗುವವರೆಗೂ ನಾನು ಉಸಿರಾಡಿದ ನೆನಪಿಲ್ಲ.

ಅಚ್ಚು ಮೇಲೆದ್ದಿತು. ಅಂಗಾಲು, ನಾಲ್ಕು ಬೆರಳು, ಎಲ್ಲ ಸ್ಪಷ್ಟ, ಸಂದಿಸಂದಿಯಲ್ಲಿ ಕೆಂಪು. ಸಾಹೇಬರು ಟೇಪು ಹಿಡಿದು ಎರಡು ಸಲ ಅಳೆದರು. ಆಮೇಲೆ ಟೊಪ್ಪಿಗೆ ತೆಗೆದರು.

"ಹುಲಿ. ನಿಮ್ಮ ಮಾತ ಖರೇ ಇತ್ರಿ, ಗಾರ್ಡ್ ಸಾಹೇಬ್ರ."

ಊರಿನವರೆದುರು ಅಪ್ಪನನ್ನು ಯಾರಾದರೂ ಸಾಹೇಬ ಎಂದದ್ದು ಅದೇ ಮೊದಲು. ಆ ದಿನ ಅಪ್ಪನ ಖಾಕಿ ಅಂಗಿ ಎದೆಯಲ್ಲಿ ಒಂದು ಅಳತೆ ಬಿಗಿಯಾಯಿತು.

ಈಗ ಅಲ್ಲಿ ಅಭಯಾರಣ್ಯದ ದೊಡ್ಡ ಬೋರ್ಡಿದೆ. ಕಾಡಿನ ದಾರಿಯ ಮರಗಳಿಗೆ ಕ್ಯಾಮೆರಾ ಕಟ್ಟುತ್ತಾರೆ. ಬೆಳಗಾವಿಯ ರಾಮತೀರ್ಥ ನಗರದ ಮನೆಯಲ್ಲಿ ನಿವೃತ್ತ ಅಪ್ಪ ಮೊಬೈಲಿಗೆ ಬಂದ ಹುಲಿಯ ಫೋಟೋವನ್ನು ಬಂದವರಿಗೆಲ್ಲ ಹೆತ್ತ ಮಗನದ್ದೆಂಬಂತೆ ತೋರಿಸುತ್ತಾನೆ.

"ಚಲೋ ಆತು. ಈಗ ಹುಲೀನ ಬಂದು ಸಾಕ್ಷಿ ಹೇಳ್ತೈತಿ," ಅನ್ನುತ್ತಾನೆ. ಮೊಬೈಲನ್ನು ಕಿಸೆಗೆ ಹಾಕಿಕೊಳ್ಳುತ್ತ, "ಗಾರ್ಡ್ ಹೇಳೂ ಜರೂರೇ ಉಳಿದಿಲ್ಲ, ನೋಡ."