ನಟಿಯ ಮಾತಿಗೆ ನಾನು ಸೇರಿಸಿದ್ದು

ನಟಿ ತಮಿಳಿನಲ್ಲಿ ಒಂದು ವಾಕ್ಯ ಹೇಳಿದರು. ನಾನು ಕನ್ನಡದಲ್ಲಿ ಐದು ಹೇಳಿದೆ.

ತಮಿಳುನಾಡಿನ ಹೊಸೂರಿನ ಹತ್ತಿರ, ಉದ್ದನಪಲ್ಲಿ ಸ್ಕೂಲಿನ ಮುಂದೆ ಹಾಕಿದ್ದ ಸ್ಟೇಜು. ಎಂಬತ್ತರ ದಶಕದ ಶುರುವಿನ ಮಾತು. ಮಕ್ಕಳಿಗೆ ಲಸಿಕೆ ಹಾಕುವ ಕ್ಯಾಂಪಿಗೆ ಮದ್ರಾಸಿನಿಂದ ಆ ನಟಿಯನ್ನು ಕರೆಸಿದ್ದರು. ಹೆಸರು ಬೇಡ ಬಿಡಿ... ಆಗ ಹೊಸೂರಿನಲ್ಲಿ ಅವರ ಫೋಟೊ ಇಲ್ಲದ ಕಟಿಂಗ್ ಶಾಪ್ ಇರಲಿಲ್ಲ.

ನನಗಾಗ ಇಪ್ಪತ್ತು. ಅಪ್ಪ ಮುಳಬಾಗಿಲು ಕಡೆಯಿಂದ ಹೊಸೂರಿನ ಫ್ಯಾಕ್ಟರಿ ಕೆಲಸಕ್ಕೆ ಬಂದವರು, ಅವಲಪಲ್ಲಿಯಲ್ಲಿ ಬಾಡಿಗೆ ಮನೆ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು. ಆ ಹಳ್ಳಿಗಳಲ್ಲಿ ಹೆಚ್ಚಿನವರ ಮನೆಮಾತು ಕನ್ನಡ, ತೆಲುಗು. ಹಾಗಾಗಿ ನಟಿಯ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸಕ್ಕೆ ನನ್ನನ್ನು ನಿಲ್ಲಿಸಿದ್ದರು. ನಿಲ್ಲಿಸಿದವರು ಮುನಿರತ್ನಕ್ಕ, ಆ ಸುತ್ತಿನ ಹಳ್ಳಿಗಳಿಗೆಲ್ಲ ನರ್ಸ್.

ಮುನಿರತ್ನಕ್ಕ ಮೂರು ವರ್ಷದಿಂದ ಲಸಿಕೆಯ ಐಸ್ ಡಬ್ಬಿ ಹಿಡಿದು, ಬಸ್ಸಿಳಿದು, ನಡೆದು, ಮನೆಮನೆ ಬಾಗಿಲು ತಟ್ಟುತ್ತಿದ್ದರು. ಅವರನ್ನು ಕಂಡರೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ರಾಗಿ ಹೊಲದ ಕಡೆ ಹೋಗಿಬಿಡುತ್ತಿದ್ದರು.

ಸೂಜಿ ಹಾಕಿಸಿದರೆ ಆ ಮಗುವಿಗೆ ಮುಂದೆ ಮಕ್ಕಳಾಗಲ್ಲ ಅಂತ ಒಂದು ಸುದ್ದಿ. ಹಿಂದಿನ ವರ್ಷ ಸೂಜಿ ಹಾಕಿಸಿದ ಒಂದು ಮಗುವಿಗೆ ಜ್ವರ ಬಂದದ್ದೇ ನೆಪವಾಗಿ ಸುದ್ದಿಗೆ ರೆಕ್ಕೆಪುಕ್ಕ ಹುಟ್ಟಿತ್ತು. ಅದೇ ವರ್ಷ ಪಕ್ಕದ ಹಳ್ಳಿಯಲ್ಲಿ, ಈ ಸೂಜಿ ತಡೆಯಬಹುದಾಗಿದ್ದ ನಾಯಿಕೆಮ್ಮಿಗೆ ಎರಡು ಮಕ್ಕಳು ತೀರಿಹೋಗಿದ್ದವು.

ಅವತ್ತು ಸ್ಟೇಜಿನ ಮುಂದೆ ಕಾಲಿಡಲು ಜಾಗವಿಲ್ಲ. ಎಲ್ಲರೂ ಬಂದದ್ದು ನಟಿಯನ್ನು ನೋಡಲು. ಸೂಜಿಗಲ್ಲ.

ನಟಿಯ ಕೈಯಲ್ಲೊಂದು ಚೀಟಿ. ಲಸಿಕೆಯಿಂದ ಏನೂ ಆಗುವುದಿಲ್ಲ, ಭಯ ಬೇಡ ಅಂತ ಓದಿದರು.

ಹಿಂದಿನಿಂದ ಮುನಿರತ್ನಕ್ಕ ನನ್ನ ದಾವಣಿ ಜಗ್ಗಿದರು. “ಜ್ವರ ಬತ್ತದೆ ಅಂತ ಹೇಳಮ್ಮಿ. ಅದನ್ನ ಮುಚ್ಚಿಟ್ರೆ ನಾಳೆ ನನ್ ಮಾತು ಯಾರ್ ನಂಬ್ತಾರೆ?”

ಹೇಳಿಬಿಟ್ಟೆ. ನಟಿಯೇ ಅಂದ ಹಾಗೆ ಹೇಳಿದೆ. ಸೂಜಿ ಹಾಕಿದ ದಿನ ಮೈ ಬಿಸಿಯಾಗುತ್ತದೆ, ಮಗು ರಚ್ಚೆ ಹಿಡಿಯುತ್ತದೆ, ಹೆದರಬೇಡಿ, ಸಂಜೆ ನರ್ಸಮ್ಮ ನಿಮ್ಮ ಮನೆಗೇ ಬಂದು ನೋಡುತ್ತಾರೆ... ತೆಲುಗು ಮನೆಯವರಿಗೆ ಅಂತ ತೆಲುಗಿನಲ್ಲೂ ಒಂದಿಷ್ಟು ಸೇರಿಸಿದೆ.

ಗದ್ದಲ ನಿಂತಿತು. ಹೆಂಗಸರು ಮುಖ ಮುಖ ನೋಡಿಕೊಂಡರು.

ನಟಿ ನನ್ನ ಕಡೆ ತಿರುಗಿ, ನಾನು ಇಷ್ಟೆಲ್ಲ ಹೇಳಿದೆನಾ ಅಂತ ಮೆಲ್ಲಗೆ ಕೇಳುತ್ತಾರೆ. ಇಲ್ಲ, ನರ್ಸಮ್ಮ ಹೇಳಿಸಿದ್ದು ಅಂತ ಒಪ್ಪಿಕೊಂಡೆ.

ಅವರು ಮುನಿರತ್ನಕ್ಕನ ಕಡೆ ಒಮ್ಮೆ ನೋಡಿದರು. ಚೀಟಿ ಮಡಿಸಿ ಬ್ಯಾಗಿಗೆ ಹಾಕಿಕೊಂಡರು.

ಅಷ್ಟರಲ್ಲಿ ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಎದ್ದು ನಿಂತಳು. ಕಂಕುಳಲ್ಲಿ ಮೊಮ್ಮಗಳು. “ನಿನ್ ಮಗೀಗೆ ಹಾಕ್ಸಿದ್ದೀಯೇನವ್ವಾ?”

ಇದನ್ನು ನಾನು ಬದಲಾಯಿಸಲಿಲ್ಲ. ಹಾಗೇ ತಮಿಳಿನಲ್ಲಿ ಕೇಳಿದೆ.

ನಟಿಗೊಬ್ಬಳು ಚಿಕ್ಕ ಮಗಳಿದ್ದಳು. ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವರು ಗೊತ್ತಿಲ್ಲ ಅಂದರು. ನಾನು ಶೂಟಿಂಗ್‌ನಲ್ಲೇ ಇರುತ್ತೇನೆ, ಮಗುವನ್ನು ನೋಡಿಕೊಳ್ಳುವುದು ನನ್ನ ಅಮ್ಮ, ಊರಿಗೆ ಹೋಗಿ ಕೇಳುತ್ತೇನೆ, ಹಾಕಿಸಿಲ್ಲದಿದ್ದರೆ ಹಾಕಿಸುತ್ತೇನೆ ಅಂದರು.

ಇಲ್ಲಿಗೆ ಕ್ಯಾಂಪ್ ಕೆಟ್ಟಿತು ಅಂದುಕೊಂಡೆ. ಆದರೂ ಒಂದಕ್ಷರ ಬಿಡದೆ ಹೇಳಿದೆ.

ಅಜ್ಜಿ ಯೋಚಿಸಿದಳು. “ಸುಳ್ಳಾಡ್ಲಿಲ್ಲ ಬಿಡು” ಅಂದವಳೇ ಮೊಮ್ಮಗಳನ್ನು ಎತ್ತಿಕೊಂಡು ಸೀದಾ ಮುನಿರತ್ನಕ್ಕನ ಟೇಬಲ್ಲಿಗೆ ಹೋದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಸಾಲು.

ನಟಿ ಒಂದು ಗಂಟೆ ಇದ್ದರು. ಮೂರ್ನಾಲ್ಕು ಮಕ್ಕಳನ್ನು ಎತ್ತಿಕೊಂಡರು, ಫೋಟೊ ಆಯಿತು, ಕಾರು ಹೊರಟಿತು. ಸಾಲು ಮಾತ್ರ ಕರಗಲಿಲ್ಲ.

ಸಂಜೆ ನಾನೂ ಮುನಿರತ್ನಕ್ಕನೂ ಮನೆಮನೆಗೆ ಹೋಗಿ ಮಕ್ಕಳ ಹಣೆ ಮುಟ್ಟಿ ನೋಡಿದೆವು. ಕೊನೆಯ ಮನೆಯ ಹೊತ್ತಿಗೆ ಅವರ ಕಾಲು ಊದಿಕೊಂಡಿತ್ತು.

ಎರಡು ವರ್ಷದ ನಂತರ ಪೇಪರ್ ಬಿಡಿಸಿ ನೋಡುತ್ತೇನೆ... ಮಕ್ಕಳ ಆರೋಗ್ಯಕ್ಕಾಗಿ ಮಾಡಿದ ಸೇವೆಗೆ ಆ ನಟಿಗೆ ದೊಡ್ಡ ಪ್ರಶಸ್ತಿ. ಹಾಕಿದ್ದ ಫೋಟೊ ನಮ್ಮ ಕ್ಯಾಂಪಿನದೇ.

ಸಿಟ್ಟು ಬಂತು. ಪೇಪರ್ ಹಿಡಿದುಕೊಂಡು ಬಸ್ ಹತ್ತಿ ಮುನಿರತ್ನಕ್ಕನ ಮನೆಗೆ ಹೋದೆ. ಒಂದು ಗಂಟೆ ಬಂದು ಹೋದವರಿಗೆ ಪ್ರಶಸ್ತಿಯಾ ಅಂದೆ.

ಅವರು ಅವರೆಕಾಯಿ ಸುಲಿಯುತ್ತಿದ್ದರು. “ಮೂರು ವರ್ಷ ನಾನ್ ತಟ್ಟಿದ್ ಬಾಗ್ಲು ತೆಗೀಲಿಲ್ಲ. ಆಯಮ್ಮ ಬಂದ್ಮೇಲೆ ತೆಗೆದ್ರು. ಅದು ಸುಳ್ಳಾ?”

ಸುಳ್ಳಲ್ಲ ಅಂದೆ.

“ಆದ್ರೂ ಹೊಟ್ಟೆ ಉರೀತದೆ ಕಣೆ” ಅಂದರು. ಕಾಯಿ ಸುಲಿಯುವ ಕೈ ನಿಲ್ಲಲಿಲ್ಲ.

ನನಗೆ ತಡೆಯಲಾಗಲಿಲ್ಲ. ನಮ್ಮ ನರ್ಸಮ್ಮನ ಕೆಲಸದ ಮಾತು ಎಲ್ಲೂ ಬರಲಿಲ್ಲವಲ್ಲ ಅಂತ ನಟಿಗೆ ತಮಿಳಿನಲ್ಲಿ ಒಂದು ಪತ್ರ ಬರೆದೆ. ಉತ್ತರದ ಆಸೆ ಇರಲಿಲ್ಲ, ಆದರೆ ಒಂದು ತಿಂಗಳಿಗೆ ಬಂತು. ಅವರದೇ ಕೈಬರಹ.

ಮಗಳಿಗೆ ಲಸಿಕೆ ಹಾಕಿಸಿರಲಿಲ್ಲವಂತೆ, ಆ ವಾರವೇ ಹಾಕಿಸಿದರಂತೆ. ಆಮೇಲೆ ಬೇರೆ ಊರುಗಳ ಕ್ಯಾಂಪಿಗೂ ಹೋದರಂತೆ. ಜ್ವರ ಬರುತ್ತದೆ ಅನ್ನುವುದನ್ನು ಎಲ್ಲ ಕಡೆಯೂ ತಾವೇ ಮೊದಲು ಹೇಳುತ್ತಿದ್ದರಂತೆ.

ಪ್ರಶಸ್ತಿಯ ದಿನ ನಮ್ಮ ನರ್ಸಮ್ಮನ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದರಂತೆ. ಮೈಕ್ ಮುಂದೆ ನಿಂತಾಗ ಹೊಳೆಯಿತಂತೆ, ಅವರ ಹೆಸರನ್ನೇ ತಾವು ಕೇಳಿಕೊಂಡಿರಲಿಲ್ಲ ಅಂತ.

ಮುನಿರತ್ನಕ್ಕನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಆಮೇಲೆ ನಟಿಗೆ ಕಳಿಸಲು ಒಂದು ಪೋಸ್ಟ್ ಕಾರ್ಡ್ ತೆಗೆದು, ತಮ್ಮ ಹೆಸರನ್ನು ತಾವೇ ತಮಿಳಿನಲ್ಲಿ ದೊಡ್ಡದಾಗಿ ಬರೆದರು. ಕೆಳಗೆ ಮುಂದಿನ ಕ್ಯಾಂಪಿನ ತಾರೀಖು ಹಾಕಿದರು.

ಆ ಕ್ಯಾಂಪಿಗೆ ನಟಿ ಬರಲಿಲ್ಲ. ಶೂಟಿಂಗ್ ಇತ್ತಂತೆ.

ಜನ ಬಂದರು.

ಇಷ್ಟು ವರ್ಷವಾದರೂ ನನಗೆ ಇದು ಬಗೆಹರಿದಿಲ್ಲ. ನೀವೇ ಹೇಳಿ... ಆ ಪ್ರಶಸ್ತಿಯ ಕಮಿಟಿಯಲ್ಲಿ ನೀವು ಕೂತಿದ್ದರೆ, ಕೊಡಿ ಅನ್ನುತ್ತಿದ್ದಿರೋ, ಬೇಡ ಅನ್ನುತ್ತಿದ್ದಿರೋ?