ಎರಡು ನಕ್ಷತ್ರದ ಭಟ್ಟಿ

ನಲವತ್ತು ಲೀಟರ್ ನೀರು ಇಪ್ಪತ್ತೇಳು ಡಿಗ್ರಿಯಿಂದ ತೊಂಬತ್ತು ಡಿಗ್ರಿಗೆ ಏರುವಷ್ಟರಲ್ಲಿ ಸಿಲಿಂಡರಿನ ತೂಕ 438 ಗ್ರಾಂ ಇಳಿದಿತ್ತು. ಪಾತ್ರೆ ತಣಿಸಿ, ಹೊಸ ನೀರು ತುಂಬಿ ಮತ್ತೆರಡು ಸಲ ಪರೀಕ್ಷಿಸಿದೆ. 440, 437. ಪ್ರತಿ ಸಲವೂ ಹೆಚ್ಚುಕಡಿಮೆ ಇಪ್ಪತ್ತಾರು ನಿಮಿಷ ಹಿಡಿಯಿತು.

ನಾನು ಆಗ ಕೊಲ್ಹಾಪುರದ ಹೊರವಲಯದ ಒಂದು ಖಾಸಗಿ ಟೆಸ್ಟಿಂಗ್ ಲ್ಯಾಬಿನಲ್ಲಿ ಟೆಸ್ಟ್ ಎಂಜಿನಿಯರ್. ಮೆಕ್ಯಾನಿಕಲ್ ಡಿಗ್ರಿ ಮುಗಿಸಿ ಸೇರಿದ ಮೂರನೆಯ ವರ್ಷ. ಹೋಟೆಲ್, ಹಾಸ್ಟೆಲ್, ಮದುವೆ ಅಡುಗೆಯವರು ಬಳಸುವ ದೊಡ್ಡ ಗ್ಯಾಸ್ ಒಲೆಗಳಿಗೆ ನಮ್ಮ ಕಡೆ ಭಟ್ಟಿ ಎನ್ನುತ್ತಾರೆ. ಭಟ್ಟಿಯಲ್ಲಿ ಉರಿದ ಗ್ಯಾಸಿನ ಶಾಖದಲ್ಲಿ ನೀರಿಗೆ ತಲುಪಿದ್ದೆಷ್ಟು, ಸುತ್ತಲಿನ ಗಾಳಿಗೆ ಹೋದದ್ದೆಷ್ಟು ಎಂದು ಅಳೆಯುವುದು ನನ್ನ ಕೆಲಸ. ನೀರಿಗೆ ತಲುಪಿದ ಪಾಲನ್ನು ಎಫಿಶಿಯನ್ಸಿ ಎನ್ನುತ್ತೇವೆ. ಮೇಲಿನ ಭಟ್ಟಿಯದು ಶೇಕಡಾ 54. ಎಫಿಶಿಯನ್ಸಿ ನೋಡಿ ಭಟ್ಟಿಗಳಿಗೆ ಸ್ಟಾರ್ ಕೊಡುವ ಒಂದು ಯೋಜನೆಯ ಕೋಷ್ಟಕದಲ್ಲಿ ಅದಕ್ಕೆ ಐದರಲ್ಲಿ ಎರಡು ಸ್ಟಾರ್.

ಅದು ಸ್ವಯಂಪ್ರೇರಿತ ಯೋಜನೆ. ತಯಾರಕ ತಾನಾಗಿ ಮಾದರಿಯನ್ನು ಲ್ಯಾಬಿಗೆ ಕಳಿಸಬೇಕು. ಬಂದ ಫಲಿತಾಂಶವನ್ನು ನೋಂದಾಯಿಸುವುದೂ ಬಿಡುವುದೂ ಅವನ ಇಚ್ಛೆ. ನೋಂದಾಯಿಸಿದರೆ ಮಾತ್ರ ಆ ಅಂಕಿಯಿರುವ ಲೇಬಲ್ಲನ್ನು ಪ್ರತಿ ಭಟ್ಟಿಗೂ ಅಂಟಿಸಬೇಕು.

ಈ ಯೋಜನೆಯ ಬಗ್ಗೆ ತಿಳಿಸಲು ಲ್ಯಾಬು ನನ್ನನ್ನು ಇಚಲಕರಂಜಿಗೆ ಕಳಿಸಿತು. ಮಗ್ಗದ ಸದ್ದು ಗೋಡೆ ದಾಟಿ ಬರುತ್ತಿದ್ದ ಒಂದು ಸಭಾಗೃಹದಲ್ಲಿ ಹನ್ನೊಂದು ಜನ ತಯಾರಕರು ಸೇರಿದ್ದರು. ಅರ್ಧದಷ್ಟು ಜನ ಕನ್ನಡದವರೇ. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು.

"ಲೇಬಲ್ ಹಚ್ಚಲಿಲ್ಲಂದ್ರ ಏನಾಗತೈತ್ರಿ ಮೇಡಂ?"

"ಏನೂ ಆಗೂದಿಲ್ರಿ. ಒತ್ತಾಯ ಇಲ್ಲ."

"ಹಚ್ಚಿ, ಸ್ಟಾರ್ ಕಡಿಮಿ ಬಿದ್ರ?"

"ಬಿದ್ದಷ್ಟ ಬರೀತೇವ್ರಿ."

"ಅಂದ್ರ ನಮ್ಮ ಮಾರಿಗೆ ನಮ್ಮ ಕೈಲೆ ಮಸಿ ಬಳಿಸಾಕ ಕೊಲ್ಹಾಪುರದಿಂದ ಬಂದೀರಿ ಅನ್ರಿ!"

ಎಲ್ಲರೂ ನಕ್ಕರು. ನಗು ನಿಂತ ಮೇಲೆ ನಾನು ಒಂದು ಮಾತು ಹೇಳಿದೆ. "ಅಂಗಡ್ಯಾಗ ನಾಲ್ಕು ಭಟ್ಟಿ ಇದ್ದು, ಒಂದರ ಮ್ಯಾಲಷ್ಟ ಅಂಕಿ ಬರದಿದ್ರ, ಗಿರಾಕಿ ಅದನ್ನ ನಂಬತಾನ್ರಿ." ನನಗೆ ಯಾರೂ ಹೇಳಿಕೊಟ್ಟ ಮಾತಲ್ಲ ಅದು. ನಾನು ಹಾಗೆಂದೇ ನಂಬಿದ್ದೆ.

ಹನ್ನೊಂದು ಜನರಲ್ಲಿ ಒಬ್ಬರು ಉಳಿದುಕೊಂಡರು. ಮಾರುತಿ ಕಾಕಾ. ಐವತ್ತೈದರ ಆಸುಪಾಸಿನ ವಯಸ್ಸು, ಎರಡೂ ಮುಂಗೈ ಮೇಲೆ ವೆಲ್ಡಿಂಗ್ ಕಿಡಿ ಬಿದ್ದ ಸಣ್ಣ ಸಣ್ಣ ಕಲೆ. ಅವರ ತಂದೆ ಚಿಕ್ಕೋಡಿ ಕಡೆಯಿಂದ ಬಂದು ಇಲ್ಲಿ ವರ್ಕ್‌ಶಾಪ್ ಹಾಕಿದವರು. "ಯಾ ಊರವ್ವಾ ನಿಂದು?" ಎಂದರು. ಅವ್ವನ ತವರು ನೇಸರಿ ಎಂದೆ. "ಹಂಗಾದ್ರ ನಮ್ಮಾಕೀನ. ನೀ ಹೇಳಿದ್ದು ಖರೇ ಇರತೈತಿ. ನಂದೊಂದು ಬರಕೋ." ಅವರು ನಂಬಿದ್ದು ಯೋಜನೆಯನ್ನಲ್ಲ, ನನ್ನ ಮಾತಿನ ಧಾಟಿಯನ್ನು. ಆಗ ನನಗೆ ಅದು ಅರ್ಥವಾಗಲಿಲ್ಲ, ಮನಸ್ಸಿನಲ್ಲೇ ಹೆಮ್ಮೆಪಟ್ಟೆ.

ಪರೀಕ್ಷೆಗೆ ತಯಾರಕರು ಸಾಮಾನ್ಯವಾಗಿ ಆರಿಸಿ, ತಿದ್ದಿ, ಹೊಳಪು ಕೊಟ್ಟ ಮಾದರಿಯನ್ನು ಕಳಿಸುತ್ತಾರೆ. ಮಾರುತಿ ಕಾಕಾ ಸಾಲಾಗಿ ನಿಲ್ಲಿಸಿದ್ದ ಭಟ್ಟಿಗಳ ಕಡೆ ಕೈ ತೋರಿಸಿ, "ಯಾವುದು ಬೇಕು ಅದನ್ನ ಎತ್ತಿಕೊಂಡು ಹೋಗು" ಎಂದರು. ನಾನು ಐದನೆಯದನ್ನು ತೋರಿಸಿದೆ. ಅದರ ಬಣ್ಣ ಇನ್ನೂ ಬೆರಳಿಗೆ ಹತ್ತುತ್ತಿತ್ತು.

ಎರಡು ಸ್ಟಾರ್ ಎಂದು ವರದಿ ಬಂದಾಗ ನೋಂದಣಿಯ ಕಾಗದ ವಿವರಿಸಲು, ಲೇಬಲ್ಲುಗಳನ್ನೂ ಹಿಡಿದು, ಮತ್ತೆ ಅವರಲ್ಲಿಗೆ ಹೋದೆ. ನೋಂದಾಯಿಸದೆಯೂ ಇರಬಹುದು ಎಂದು ಸ್ಪಷ್ಟವಾಗಿಯೇ ಹೇಳಿದೆ. ಕಾಕಾ ಕೇಳಿಸಿಕೊಳ್ಳಲಿಲ್ಲ, ಅಲ್ಲೇ ಸಹಿ ಹಾಕಿದರು. ಲೇಬಲ್ಲನ್ನು ಹೆಗಲ ಮೇಲಿಟ್ಟುಕೊಂಡು ಹೆಂಡತಿಯ ಎದುರು ನಿಂತರು.

"ಎರಡು ಸ್ಟಾರ್ ಅಂದ್ರ ಗೊತ್ತೇನ? ಪೊಲೀಸ್ ಫೌಜದಾರ! ಸಲ್ಯೂಟ್ ಹೊಡಿ."

ಸುಗಂಧಾ ಕಾಕು ಗ್ರೈಂಡರ್ ಹಿಡಿದು ಬೆಸುಗೆ ಉಜ್ಜುತ್ತಿದ್ದವರು ತಲೆ ಎತ್ತಲಿಲ್ಲ. "ಮೊದಲ ಕಸ ಹೊಡೀರಿ ಫೌಜದಾರ ಸಾಹೇಬ್ರ. ಐದರಾಗ ಎರಡು ಅಂದ್ರ ಸಾಲ್ಯಾಗ ಏನಂತಿದ್ರು, ನೆನಪೈತೇನು?"

ಕಾಕಾ ಜೋರಾಗಿ ನಕ್ಕರು. ನಾನೂ ನಕ್ಕೆ. ಆ ದಿನವೇ ಅವರು ಆ ಮಾದರಿಯ ಹದಿನಾಲ್ಕೂ ಭಟ್ಟಿಗಳ ಮುಂಭಾಗಕ್ಕೆ, ನಟ್ಟನಡುವೆ, ಲೇಬಲ್ ಅಂಟಿಸಿದರು.

ಮುಂದಿನ ತಿಂಗಳುಗಳಲ್ಲಿ ಗಿರಾಕಿಗಳೂ ಆ ಎರಡನ್ನು ಕಾಕುವಿನಂತೆಯೇ, ಕಡಿಮೆ ಅಂಕವೆಂದೇ, ಓದಿದರು. ಕೊಲ್ಹಾಪುರದ ಮಿಸಳ್ ಹೋಟೆಲಿನವರೊಬ್ಬರು, ಇವರಲ್ಲಿ ವರ್ಷಗಟ್ಟಲೆ ಭಟ್ಟಿ ಕೊಂಡವರು, ಲೇಬಲ್ ನೋಡಿ, "ಇದರಾಗ ಮೂರು ಸ್ಟಾರ್ ಕಡಿಮಿ ಅದಾವಲ್ಲ" ಎಂದು ಬೇರೆ ಅಂಗಡಿಗೆ ಹೋದರು. ಅಲ್ಲಿ ಕೊಂಡ ಭಟ್ಟಿಯ ಮೇಲೆ ಒಂದೂ ಸ್ಟಾರ್ ಇರಲಿಲ್ಲ. ಯಾವುದೂ ಇಲ್ಲದ್ದರಿಂದ ಯಾವುದೂ ಕಡಿಮೆಯಾಗಿಯೂ ಇರಲಿಲ್ಲ. ಇಂಥ ಗಿರಾಕಿಗಳು ಒಬ್ಬೊಬ್ಬರಾಗಿ ಹೆಚ್ಚಿದರು. ಹದಿನಾಲ್ಕರಲ್ಲಿ ಹೋದದ್ದು ಎರಡು. ವರ್ಕ್‌ಶಾಪಿನಲ್ಲಿ ಇಬ್ಬರು ವೆಲ್ಡರುಗಳಿದ್ದರು. ಹತ್ತೊಂಬತ್ತು ವರ್ಷದಿಂದ ಇದ್ದ ಅಪ್ಪಾಸಾಬನಿಗೆ ಕಾಕಾ ಬೇರೆ ಕಡೆ ಕೆಲಸ ನೋಡಿಕೊಳ್ಳಲು ಹೇಳಬೇಕಾಯಿತು. ಎರಡನೆಯವನಿಗೂ ಅದನ್ನೇ ಹೇಳುವ ದಿನ ದೂರವಿರಲಿಲ್ಲ.

ಇದೇ ಅವಧಿಯಲ್ಲಿ ನಮ್ಮ ಲ್ಯಾಬಿಗೆ ಇನ್ನೊಬ್ಬ ತಯಾರಕನ ಭಟ್ಟಿ ಬಂತು. ಅದೇ ನೀರು, ಅದೇ ಪಾತ್ರೆ, ಅದೇ ಏರಿಕೆ. 483 ಗ್ರಾಂ ಗ್ಯಾಸ್. ಎಫಿಶಿಯನ್ಸಿ ಶೇಕಡಾ 49. ಒಂದು ಸ್ಟಾರಿಗೂ ಸಾಲದು. ಆದರೆ ಕೆಲಸ ಇಪ್ಪತ್ತೊಂದೇ ನಿಮಿಷದಲ್ಲಿ ಮುಗಿದಿತ್ತು. ಅದರ ಜೆಟ್, ಅಂದರೆ ಗ್ಯಾಸ್ ಹೊರಬರುವ ರಂಧ್ರ, ದೊಡ್ಡದು. ಉರಿ ಪಾತ್ರೆಯ ತಳ ದಾಟಿ ಬದಿಗಳಿಂದ ಮೇಲೇರಿ ಹೋಗುತ್ತಿತ್ತು. ಕಂಪನಿಯ ಮಾರಾಟದವರು ಬಂದು ವರದಿಯ ಲಕೋಟೆ ಒಯ್ದರು. ನೋಂದಾಯಿಸಲಿಲ್ಲ. ಅದು ಅವರ ಹಕ್ಕು. ಲ್ಯಾಬಿಗೆ ಸೇರುವಾಗ ನಾವೆಲ್ಲ ಒಂದು ಕರಾರಿಗೆ ಸಹಿ ಹಾಕಿರುತ್ತೇವೆ. ಯಾರ ವಸ್ತು ಬಂತು, ಏನು ಫಲಿತಾಂಶ ಬಂತು, ಬಂದಿತ್ತೇ ಇಲ್ಲವೇ ಎಂಬುದನ್ನೂ ಹೊರಗೆ ಹೇಳುವಂತಿಲ್ಲ. ಈಗಲೂ ನಾನು ಆ ಹೆಸರು ಬರೆಯುತ್ತಿಲ್ಲ.

ಮಾರ್ಚ್ ತಿಂಗಳಲ್ಲಿ ಗಡಹಿಂಗ್ಲಜದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ಆರು ಭಟ್ಟಿ ಕೊಳ್ಳಲು ಹೊರಟಿತು. ಸಂಸ್ಥೆಗೆ ಇನ್ನೆರಡು ಹಾಸ್ಟೆಲುಗಳಿದ್ದವು. ಇಲ್ಲಿ ಒಪ್ಪಿದ್ದು ಅಲ್ಲಿಗೂ ಹೋಗುತ್ತದೆ. ಕಾಕಾಗೆ ಈ ಕೆಲಸ ಸಿಕ್ಕರೆ ಅಪ್ಪಾಸಾಬನನ್ನು ವಾಪಸು ಕರೆಯಬಹುದಿತ್ತು. ಸಂಸ್ಥೆಯವರು ಸ್ಟಾರ್ ಎಂದರೇನು ಎಂದು ತಿಳಿಸಿಕೊಡಲು ಒಬ್ಬರನ್ನು ಕಳಿಸಿ ಎಂದು ಲ್ಯಾಬಿಗೆ ಪತ್ರ ಬರೆದಿದ್ದರು. ನಾನು ಬೆಳಗಿನ ಎಸ್.ಟಿ. ಬಸ್ಸು ಹಿಡಿದು ಹೋದೆ.

ಅಡುಗೆಮನೆಯಲ್ಲಿ ಎರಡು ಭಟ್ಟಿ ಅಕ್ಕಪಕ್ಕ ಇದ್ದವು. ಒಂದು ಕಾಕಾನದು, ಅವರೂ ಅದರ ಬಳಿ ನಿಂತಿದ್ದರು. ಇನ್ನೊಂದನ್ನು ನಾನು ಬಾಗಿಲಲ್ಲೇ ಗುರುತಿಸಿದೆ. ಅದರ ಪಕ್ಕದಲ್ಲಿ ನಿಂತಿದ್ದವರು ಲಕೋಟೆ ಒಯ್ದ ಅದೇ ಮಾರಾಟದವರು. ನನ್ನನ್ನು ನೋಡಿ ಕೈಮುಗಿದರು, ಮೊದಲ ಸಲ ಭೇಟಿಯಾದವರಂತೆ.

ಸಂಸ್ಥೆಯ ಚೇರಮನ್ ಸಾಹೇಬರು ಲೇಬಲ್ಲಿನ ಹತ್ತಿರ ಬಗ್ಗಿ ನೋಡಿದರು. "ದೋನಚ್?" ಎಂದರು, ಎರಡೇನಾ ಎಂದು. "ನಮ್ಮ ಮನಿ ಫ್ರಿಜ್ಜಿಗೆ ಐದು ಅದಾವ್ರಿ." ಮತ್ತೊಂದು ಭಟ್ಟಿಗೆ ಎಷ್ಟು ಎಂದು ಕೇಳಿದರು. "ಆಮ್ಚ್ಯಾ ಮಾಲಾಲಾ ಲೇಬಲ್ ಲಾಗತ್ ನಾಹಿ ಸಾಹೇಬ್" ಎಂದರು ಮಾರಾಟದವರು. ನಮ್ಮ ಮಾಲಿಗೆ ಲೇಬಲ್ ಬೇಕಾಗುವುದಿಲ್ಲ.

ಒಂದೇ ಅಳತೆಯ ನೀರಿಟ್ಟು ಎರಡನ್ನೂ ಹೊತ್ತಿಸಿದರು. ಹಿರಿಯ ಅಡುಗೆಯವರು ಯಲ್ಲವ್ವ. ಅವರ ಮಾತಿಗೆ ಅಲ್ಲಿ ಬೆಲೆ ಇತ್ತು. ಅವರು ಸೆರಗು ಸಿಕ್ಕಿಸಿ ನಡುವೆ ನಿಂತರು.

"ಇದನ್ನ ನೋಡ್ರಿ, ಹೆಂಗ ಗುರ್ ಅಂತೈತಿ! ಹುಲಿ. ಆ ಎರಡ ಸ್ಟಾರಿಂದು ಹಾಲು ಕುಡದ ಬೆಕ್ಕು." ಆಮೇಲೆ ಕಾಕಾನ ಮುಖ ನೋಡಿ ದನಿ ಇಳಿಸಿದರು. "ಸಿಟ್ಟಾಗಬ್ಯಾಡ್ರಿ ಅಣ್ಣಾ. ಏಳು ಹೊಡೀತಂದ್ರ ಮುನ್ನೂರು ಹುಡುಗ್ಯಾರು ತಾಟು ಬಡೀತಾವು. ನನಗ ಲಗೂನ ಕುದಿಯೂದು ಬೇಕ್ರಿ."

ಹುಲಿ ಐದು ನಿಮಿಷ ಮೊದಲೇ ಕುದಿಯಿತು.

ಚೇರಮನ್ ನನ್ನ ಕಡೆ ತಿರುಗಿದರು. "ಮ್ಯಾಡಂ, ನೀವು ಲ್ಯಾಬಿನವರು. ಎರಡು ಸ್ಟಾರ್ ಅಂದ್ರ ಚಲೋನೋ ಕೆಟ್ಟದ್ದೋ?"

"ಎಷ್ಟು ನೀರಿಗೆ ಎಷ್ಟು ಗ್ಯಾಸ್ ಅನ್ನೂದರ ಅಳತಿ ಅದು ಸರ್. ಮೂರು ಸಲ ಅಳತಿ ಮಾಡೇವಿ."

"ಮತ್ತ ಈ ಇನ್ನೊಂದರದು?"

ಮಾರಾಟದವರು ನನ್ನನ್ನೇ ನೋಡುತ್ತಿದ್ದರು. ಮಾರುತಿ ಕಾಕಾನೂ.

"ಅದು ಯೋಜನೆಯಾಗ ನೋಂದಣಿ ಆಗಿಲ್ಲ ಸರ್. ಅದರ ಬಗ್ಗೆ ನಾ ಏನೂ ಹೇಳೂಹಂಗಿಲ್ಲ."

ಹೇಳಿದ ಪ್ರತಿ ಶಬ್ದವೂ ನಿಜ. ಚೇರಮನ್ ತಲೆಯಾಡಿಸಿದರು. ಕಾಗದದ ಮೇಲೆ ಆರು ಎಂದು ಬರೆದದ್ದು ಹುಲಿಯ ಹೆಸರಿನ ಮುಂದೆ.

ಅಡುಗೆಮನೆಯ ಬಾಗಿಲ ಬಳಿ ಅಕ್ಕಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ಇತ್ತು. ಒಳಗೆ ಬರುವಾಗಲೇ ನೋಡಿದ್ದೆ. ಹತ್ತು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಮಷೀನು. ಹೊತ್ತಿಸುವ ಮೊದಲು ಒಮ್ಮೆ, ಆರಿಸಿದ ಮೇಲೆ ಒಮ್ಮೆ ಎರಡೂ ಸಿಲಿಂಡರುಗಳನ್ನು ಅದರ ಮೇಲಿಡಿ ಎಂದಿದ್ದರೆ ಸಾಕಿತ್ತು. ಯಾವ ಗುಟ್ಟೂ ಬಯಲಾಗುತ್ತಿರಲಿಲ್ಲ, ಯಾವ ಕರಾರೂ ಮುರಿಯುತ್ತಿರಲಿಲ್ಲ. ತೂಗಿ ನೋಡುವುದೇ ನನ್ನ ವೃತ್ತಿ. ಆದರೆ ಹೇಳಬಾರದ್ದು ಬಾಯಿಂದ ಬಂದುಬಿಟ್ಟೀತೆಂಬ ಭಯದಲ್ಲಿ ಹೇಳಬಹುದಾದದ್ದೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ಎಲ್ಲರೂ ಕೈ ತೊಳೆದು ಚಹಾಕ್ಕೆ ಹೊರಟ ಮೇಲೆ. ಆಗಲೂ ವಾಪಸು ಕರೆದು ಇನ್ನೊಮ್ಮೆ ಹೊತ್ತಿಸಿ ತೂಗಿಸಬಹುದಿತ್ತು. ಕರೆಯಲಿಲ್ಲ.

ಕಾಕಾ ತಮ್ಮ ಭಟ್ಟಿಯನ್ನು ಟೆಂಪೋಕ್ಕೆ ಏರಿಸಿ, "ಬಾ, ಕಾಗಲದ ಮಟ ಬಿಡತೇನಿ" ಎಂದರು. ತಯಾರಕರ ವಾಹನದಲ್ಲಿ ನಾವು ಕೂರಬಾರದು ಎಂಬುದೂ ಲ್ಯಾಬಿನ ನಿಯಮ. ಕೂತೆ. ಆ ದಿನ ನಾನು ಮುರಿದ ನಿಯಮ ಅದೊಂದೇ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ನಿಪ್ಪಾಣಿ ದಾಟಿದ ಮೇಲೆ ಕಾಕಾ ಕೇಳಿದರು.

"ಒಂದ ಕೇಳ್ಲಿ? ಆ ಹುಲಿ ನಿಮ್ಮ ಲ್ಯಾಬಿಗೆ ಬಂದಿತ್ತೇನು?"

"ಅದನ್ನ ಹೇಳಾಕ ಬರೂದಿಲ್ಲ ಕಾಕಾ."

"ಅಂದ್ರ ಬಂದಿತ್ತು." ಸ್ಟೀರಿಂಗಿನ ಮೇಲೆ ಬೆರಳು ಬಡಿದರು. "ಬಂದಿರಲಿಲ್ಲಂದ್ರ ನೀ ಇಲ್ಲ ಅಂತಿದ್ದಿ."

ಕಾಕಾ ಗೇರ್ ಬದಲಿಸಿದರು.

"ನನ್ನದಕ್ಕಿಂತ ಕೆಟ್ಟ ಇದ್ದಿರಬೇಕು. ಚಲೋ ಇದ್ದಿದ್ರ ಅಂವ ಹಣಿಗೆ ಹಚಗೊಂಡು ತಿರಗತಿದ್ದ." ಕಾಗಲ ಬರುವಾಗ, "ಬ್ಯಾಡವಾ ಮಗಳ" ಎಂದರು, ಬೈಯುವ ದನಿಯಲ್ಲ ಅದು. "ಫೌಜದಾರಕಿ ಸಾಕು. ಈ ಸ್ಟಾರ್ ತಗಸಾಕ ಏನ ಮಾಡಬೇಕು, ಅದನ್ನರ ಹೇಳಾಕ ಬರತೈತಿಲ್ಲೋ?"

ಅದನ್ನು ಹೇಳಲು ಬರುತ್ತಿತ್ತು.

ಹಾಸ್ಟೆಲಿನ ಆರು ಭಟ್ಟಿಗಳು ಬೇರೆಯವರದೇ ಹೋದವು. ಲೇಬಲ್ ಹೋದ ಮೇಲೆ ಕಾಕಾಗೆ ಹಳೆಯ ಗಿರಾಕಿಗಳು ನಿಧಾನವಾಗಿ ಮರಳಿದರು, ಮಿಸಳ್ ಹೋಟೆಲಿನವರೂ ಬಂದರು. ಎರಡನೆಯ ವೆಲ್ಡರ್ ಉಳಿದ. ಅಪ್ಪಾಸಾಬ ಅಷ್ಟರಲ್ಲಿ ಬೇರೆ ಕಡೆ ಸೇರಿಕೊಂಡಿದ್ದ. ಭಟ್ಟಿ ಮಾತ್ರ ಅದೇ. ಒಂದು ಮೊಳೆಯೂ ಬದಲಾಗಿರಲಿಲ್ಲ.

ಅಳತೆ ಸರಿಯಿದ್ದರೆ ನ್ಯಾಯ ತಾನಾಗಿ ಆಗುತ್ತದೆ ಎಂದು ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ, ನಾನೇ ಹಾಗೆಂದುಕೊಂಡಿದ್ದೆ. ಅಳೆಸಿಕೊಳ್ಳಲು ಒಪ್ಪಿದವನೊಬ್ಬನನ್ನೇ ಬಯಲಲ್ಲಿ ನಿಲ್ಲಿಸಿ, ಒಪ್ಪದವರಿಗೆಲ್ಲ ನೆರಳು ಕೊಡುವ ಅಳತೆಯೂ ಇರುತ್ತದೆ ಎಂದು ಈ ಕೆಲಸ ನನಗೆ ಕಲಿಸಿತು. ಎರಡು ಎಂಬುದು ಸೊನ್ನೆಗಿಂತ ಹೆಚ್ಚು. ಆದರೆ ಏನೂ ಬರೆಯದ ಜಾಗದ ಪಕ್ಕದಲ್ಲಿ ಅದು ಕಡಿಮೆಯಾಗಿಯೇ ಕಾಣುತ್ತದೆ. ನಿಖರವಾಗಿ ಮಾತಾಡುವುದು ಸತ್ಯ ಹೇಳಿದ ಹಾಗಲ್ಲ ಎಂಬುದನ್ನು ಕಲಿಯಲು ನನಗೆ ಒಬ್ಬರ ವರ್ಕ್‌ಶಾಪು ಬೇಕಾಯಿತು.

ಗಡಹಿಂಗ್ಲಜದಿಂದ ಬಂದ ಮರುದಿನ ಬೆಳಿಗ್ಗೆಯೇ, ಲ್ಯಾಬಿಗೆ ಹೋಗುವ ಮೊದಲು, ಮನೆಯಲ್ಲಿ, ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಕಾಕಾನ ನೋಂದಣಿ ತೆರೆದೆ. ಪಾಸ್‌ವರ್ಡನ್ನು ಕಾಕು ಫೋನಿನಲ್ಲಿ ಒಂದೊಂದೇ ಅಕ್ಷರವಾಗಿ ಓದಿದರು. ಹಿಂತೆಗೆಯುವ ಅರ್ಜಿಯಲ್ಲಿ ಕಾರಣ ಕೇಳಿದ್ದರು. ಉತ್ಪಾದನೆ ನಿಂತಿದೆ, ಮಾದರಿ ಬದಲಾಗಿದೆ, ಇತರೆ. ನಾನು ಇತರೆ ಒತ್ತಿದೆ. ವಿವರಿಸಿ ಎಂಬ ಜಾಗದಲ್ಲಿ ಸ್ವಇಚ್ಛೆಯಿಂದ ಎಂದು ಬರೆದೆ. ನಮ್ಮ ಜಿಲ್ಲೆಯಿಂದ ಆ ಪಟ್ಟಿಯಲ್ಲಿದ್ದದ್ದು ಅದೊಂದೇ ಸಾಲು. ಒತ್ತಿದೆ, ಪಾಲ್ಗೊಂಡದ್ದಕ್ಕೆ ಧನ್ಯವಾದ ಎಂದು ಬಂತು.

ಫೋನು ಇನ್ನೂ ನಡೆಯುತ್ತಿತ್ತು. ಆ ಕಡೆಯಿಂದ ಭಟ್ಟಿಯ ತಗಡು ಕೆರೆಯುವ ಸದ್ದು.

"ಲೇಬಲ್ಲಿನ ಕಾಗದ ಕಿತ್ತು ಬಂತವಾ," ಎಂದರು ಸುಗಂಧಾ ಕಾಕು. "ಆದ್ರ ಅಂಟು ಉಳದೈತಿ. ನಡುವ ಚೌಕೋನ ಗುರ್ತು ಕಾಣತೈತಿ. ಏನ ಹಚ್ಚಲಿ?"

"ಥಿನ್ನರ್ ಹಚ್ಚಿ ಎರಡು ನಿಮಿಷ ಬಿಡ್ರಿ ಕಾಕು," ಎಂದೆ. "ಆಮ್ಯಾಲ ಒಣಾ ಅರಿವಿಲೆ ತಿಕ್ಕರಿ. ಏನೂ ಕಾಣೂದಿಲ್ಲ."