ಎಡ ಅಂಗೈಯ ಪಾಠ

ನೀರು ಸೇದಲು ಸೀರೆ ಎತ್ತಿ ಕಟ್ಟಿದಾಗ ಅತ್ತೆಯ ಮಂಡಿಗಳು ಕಾಣುತ್ತಿದ್ದವು. ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಕರ್ರಗೆ ಜಡ್ಡುಗಟ್ಟಿದ್ದವು. ಮಾವನ ಎದುರು ಮಂಡಿಯೂರಿ ಕೂತು ಕೂತು ಆದದ್ದು.

ಚಳ್ಳಕೆರೆ ಪೇಟೆಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಮಾವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಅಷ್ಟೇ ಆಗಿದ್ದರೆ ಸರಿ, ಎಡಗೈ ತಮ್ಮದೆಂಬುದೇ ಅವರಿಗೆ ಮರೆತುಹೋಗಿತ್ತು. "ಇದ್ಯಾರ ಕೈಯೇ? ತೆಗಿ ಅತ್ತಾಗೆ" ಎನ್ನುವರು. ನಮ್ಮಲ್ಲಿ ಲಿಂಗಪೂಜೆಯಾಗದೆ ತುತ್ತು ಮುಟ್ಟುವಂತಿಲ್ಲ. ಲಿಂಗ ಕೂರಬೇಕಾದದ್ದೋ ಎಡ ಅಂಗೈಯ ಮೇಲೆ! ಬಲವಂತವಾಗಿ ಉಣಿಸಿದರೆ ಉಗುಳುತ್ತಿದ್ದರು. ಸೊರಗಿ ಕಡ್ಡಿಯಾದರು.

"ಅವರ ಪೂಜೆ ನೀವೇ ಮಾಡಿಬಿಡ್ರಿ ಅತ್ತೆ, ದೇವ್ರೇನು ಬ್ಯಾಡ ಅಂತಾನಾ?" ಎಂದೆ. ನನ್ನ ಬಾಯಿಗೆ ಆಗಲೂ ಬೀಗವಿರಲಿಲ್ಲ.

"ಅವರ ಹಸಿವಿಗೆ ನಾನು ಉಣ್ಣಾಕಾಗುತ್ತೇನೇ?" ಎಂದರು.

ದಿನಾ ಅವರ ಎಡ ಅಂಗೈಗೆ ದಪ್ಪಗೆ ವಿಭೂತಿ ಬಳಿಯುವರು. "ಬೆಳ್ಳಗೈತಲ್ಲ, ಅದು ನಿಮ್ದು. ಬಲಗೈಲಿ ಹಿಡ್ಕಳ್ರಿ. ಹೂಂ, ತೊಡೆ ಮ್ಯಾಲಿಡ್ರಿ. ಬೆರಳು ಬಿಡಿಸ್ರಿ." ಒಂದು ಮುಗಿಯುವ ತನಕ ಇನ್ನೊಂದರ ಮಾತಿಲ್ಲ. ಮಾವ ಬೈಯುವರು, ಅಳುವರು, ತಂಬಿಗೆ ಒದೆಯುವರು. ಅತ್ತೆ ನೀರೊರೆಸಿ ಮತ್ತೆ ಮೊದಲಿಂದ ಶುರು. ಕೊನೆಗೂ ಮಾವ ಲಿಂಗ ಹಿಡಿದರು, ಉಂಡರು.

ಆದರೆ ಅತ್ತೆ ಎದುರಿಗಿದ್ದರೆ ಮಾತ್ರ. ಆಕೆ ಎದ್ದರೆ ಮಾವನ ಕೈ ನಿಲ್ಲುತ್ತಿತ್ತು. ಒಂದು ದಿನ ಕೊಂಡ್ಲಹಳ್ಳಿಯಿಂದ ಅತ್ತೆಯ ಅಣ್ಣ ಗಾಡಿ ಕಟ್ಟಿಕೊಂಡು ಬಂದರು. "ಅವ್ವ ಹಾಸಿಗೆ ಹಿಡಿದಾಳೆ, ನಿನ್ನೇ ಕೇಳ್ತಾಳೆ. ಬಾರೇ." ಅತ್ತೆ ಗಂಟು ಕಟ್ಟಿದರು, ಅವರ ಜಾಗದಲ್ಲಿ ನಾನು ಕೂತೆ. ಮಾವ ಲಿಂಗ ಮುಟ್ಟಲಿಲ್ಲ, ಕಂಗಾಲಾಗಿ ಕೂತಲ್ಲಿಂದಲೇ ಕಣ್ಣಲ್ಲಿ ಮನೆಯೆಲ್ಲ ಹುಡುಕಿದರು. ಬಾಗಿಲ ಮರೆಯಿಂದ ನೋಡುತ್ತಿದ್ದ ಅತ್ತೆ ಗಂಟು ಇಳಿಸಿದರು.

"ಬಾಗಿಲು ತೆಗೆದೇ ಐತೆ ಕಣೇ. ದಾಟಾಕೆ ಮಾತ್ರ ಆಗಲ್ಲ ನಂಗೆ."

ಗಾಡಿ ಖಾಲಿ ಹೋಯಿತು. ಅವರವ್ವ ಮಗಳ ಮುಖ ನೋಡದೆಯೇ ಕಣ್ಣು ಮುಚ್ಚಿದರು. ಅತ್ತೆ ಅಂದೂ ಪೂಜೆಗೆ ಎದುರು ಕೂತೇ ಇದ್ದರು, ಕಣ್ಣೀರು ಸುರಿಯುತ್ತಿತ್ತು.

ಮುಂದೆ ಜ್ವರ ಬಂದು ಮಾವನಿಗಿಂತ ಮೊದಲೇ ಅತ್ತೆ ಹೋದರು. ಮಣ್ಣು ಮಾಡಿ ಬಂದ ಮರುದಿನ, ಇನ್ನು ಈ ಮನುಷ್ಯ ಉಪವಾಸ ಸಾಯುತ್ತಾರೆಂದು ಹೆದರಿ ನಾನು ಎದುರು ಕೂತೆ. ಮಾವ ನನ್ನತ್ತ ನೋಡಲೂ ಇಲ್ಲ. ತಾವೇ ವಿಭೂತಿ ಬಳಿದುಕೊಂಡರು, ಬೆರಳು ಬಿಡಿಸಿದರು, ಲಿಂಗವಿಟ್ಟು ಪತ್ರೆ ಏರಿಸಿದರು. "ಉಣ್ಣಾಕಿಡು" ಎಂದರು.

ಬಡಿಸಿದೆ. ಆಮೇಲೆ ಹಿತ್ತಲಿಗೆ ಹೋಗಿ, ಸಿಟ್ಟೋ ಸಂಕಟವೋ ತಡೆಯಲಾರದೆ ಬಿಕ್ಕಿದೆ: ಅಯ್ಯೋ ನನ್ನತ್ತೆವ್ವಾ, ಅವತ್ತು ಆ ಗಾಡಿ ಹತ್ತಿ ನೀನು ಹೋಗಿ ಬರಬಹುದಿತ್ತಲ್ಲೇ!